ಚಿನ್ನದಂಗಡಿಯ ಮುಂದೆ ನಿಂತವಳು

"ಅವಳನ್ನು ಅಲ್ಲಿಂದ ತೆಗಿ," ಎಂದರು ಜಯಮಾಲಾ. ಇನ್ನೂ ಕೂತಿರಲಿಲ್ಲ, ಹೆಗಲ ಬ್ಯಾಗನ್ನೂ ಇಳಿಸಿರಲಿಲ್ಲ.

ಕ್ಲೊಟಿಲ್ಡಾ ಕುಂಚ ಒರೆಸುತ್ತ, "ಯಾರನ್ನು ಜಯಕ್ಕ?" ಎಂದಳು. ಯಾರನ್ನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಹತ್ರ ನಾಟಕ ಬೇಡ. ಚಿನ್ನದಂಗಡಿ ಮುಂದೆ ನಿಂತಿದ್ದಾಳಲ್ಲ, ಅವಳನ್ನು."

ಫ್ಲ್ಯಾಟಿನ ಹಜಾರದ ಗೋಡೆಯುದ್ದಕ್ಕೂ ಕ್ಯಾನ್ವಾಸ್ ನಿಂತಿತ್ತು. ಬಹ್ರೇನಿನಲ್ಲಿರುವ ಊರವರ ಕರಾವಳಿ ಕೂಟದ ವಾರ್ಷಿಕೋತ್ಸವಕ್ಕೆ ಸಭಾಂಗಣದಲ್ಲಿ ಹಾಕಲು ದೊಡ್ಡದೊಂದು ಚಿತ್ರ ಬೇಕೆಂದಿದ್ದವರು ಅಧ್ಯಕ್ಷೆ ಜಯಮಾಲಾ ಅವರೇ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕ್ಲೊಟಿಲ್ಡಾ ಸಮಿತಿಯ ಮುಂದೆ ಒಂದು ಪುಸ್ತಕ ಬಿಡಿಸಿಟ್ಟಿದ್ದಳು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಚಿತ್ರಕಾರನೊಬ್ಬ ಸಮುದ್ರತೀರ, ಕುದುರೆ ಜೂಜಿನ ಮೈದಾನ, ರೈಲು ನಿಲ್ದಾಣ ಎಂದು ಜನ ನೆರೆಯುವ ಕಡೆಯೆಲ್ಲ ಹೋಗಿ ಗುಂಪನ್ನು ಬಿಡಿಸಿದ್ದ. ರೈಲು ನಿಲ್ದಾಣದ ಚಿತ್ರದಲ್ಲಿ ಮದುವೆಯವರ ಪಕ್ಕದಲ್ಲೇ ಪೊಲೀಸರ ಕೈಗೆ ಸಿಕ್ಕಿಬಿದ್ದವನೊಬ್ಬನಿದ್ದ. ನೋಡುವವರು ಮುಗಿಬಿದ್ದು, ಒಂದು ಚಿತ್ರದ ಮುಂದೆ ಜನರನ್ನು ತಡೆಯಲು ಕಟಕಟೆಯನ್ನೇ ಹಾಕಬೇಕಾಯಿತಂತೆ. "ನಮ್ಮದೂ ಹಾಗೇ ಆಗಲಿ, ಕಟಕಟೆ ನಾನು ಮಾಡಿಸ್ತೇನೆ," ಎಂದು ಆ ದಿನ ಜಯಮಾಲಾ ನಕ್ಕಿದ್ದರು.

ಕ್ಲೊಟಿಲ್ಡಾ ಬಿಡಿಸಿದ್ದು ಮನಾಮಾದ ಬಾಬ್ ಅಲ್ ಬಹ್ರೇನ್ ಪೇಟೆಯ ಒಂದು ಶುಕ್ರವಾರ ಸಂಜೆ. ಒಗೆದ ಅಂಗಿ ತೊಟ್ಟು ಅಸ್ಕರಿನ ಲೇಬರ್ ಕ್ಯಾಂಪಿನಿಂದ ಬಂದ ಕೆಲಸಗಾರರು, ಇಗರ್ಜಿಯಿಂದ ಹೊರಟ ಸಂಸಾರಗಳು, ಫೋನ್ ಕಾರ್ಡ್ ಮಾರುವವರು. ಸಮಿತಿಯವರೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ಮುಖ ಬಿಡಿಸಲು ಅವಳೆದುರು ಕೂತು ಹೋಗಿದ್ದರು. ನಟ್ಟನಡುವೆ ಕಾಂಚೀಪುರಂ ಸೀರೆಯ ಜಯಮಾಲಾ ಚಿನ್ನದಂಗಡಿಯ ಬಳೆಗಳ ಮೇಲೆ ಬಾಗಿದ್ದರು. ಅವರ ಬೆನ್ನ ಹಿಂದೆಯೇ ಖೈರುನ್ನಿಸಾ ಕೈಯಲ್ಲೊಂದು ಬ್ಯಾಗ್ ಹಿಡಿದು ನೆಟ್ಟಗೆ ನಿಂತು, ನೋಡುವವರನ್ನೇ ದಿಟ್ಟಿಸುತ್ತಿದ್ದಳು.

ಉಳ್ಳಾಲದ ಖೈರುನ್ನಿಸಾ ಜಯಮಾಲಾರ ಮನೆಯಲ್ಲಿ ವರ್ಷಗಟ್ಟಲೆ ಅಡುಗೆಗಿದ್ದವಳು. ಅವಳ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ತಾಯಿ ತೀರಿಕೊಂಡಾಗಲೂ ಊರಿಗೆ ಬಿಡಲಿಲ್ಲ. ಒಂದು ಮಧ್ಯಾಹ್ನ ಒಲೆ ಆರಿಸಿ ಹೊರಗೆ ಹೋದವಳು ಹಿಂದೆ ಬರಲಿಲ್ಲ.

"ಕಳ್ಳಿ ಅವಳು," ಎಂದರು ಜಯಮಾಲಾ.

"ಎಂತ ಕದ್ದಳು?"

ಜಯಮಾಲಾ ಹೆಗಲ ಬ್ಯಾಗನ್ನು ಸರಿಮಾಡಿಕೊಂಡರು. "ನಿನ್ನ ಗಂಡನ ವೀಸಾ ಯಾರ ಕಂಪೆನಿಯದ್ದು ಅಂತ ನೆನಪುಂಟಲ್ಲ?"

"ಉಂಟು. ನೀವು ಮರೀಲಿಕ್ಕೆ ಬಿಡುದಿಲ್ಲವಲ್ಲ."

"ಗುರುವಾರ ಚಿತ್ರ ಕೊಂಡುಹೋಗ್ಲಿಕ್ಕೆ ಜನ ಬರ್ತಾರೆ. ಅಷ್ಟರೊಳಗೆ ಅವಳು ಅಲ್ಲಿ ಇರಬಾರ್ದು."

"ಇರ್ತಾಳೆ," ಎಂದಳು ಕ್ಲೊಟಿಲ್ಡಾ.

ಸಂಜೆ ಆಫೀಸಿನಿಂದ ಬಂದ ಗಂಡ ಮ್ಯಾಕ್ಸಿಮ್ ಶೂ ಬಿಚ್ಚುವ ಮೊದಲೇ ಶುರುಮಾಡಿದ. ಸುದ್ದಿ ಆಗಲೇ ಅವನ ಆಫೀಸು ಮುಟ್ಟಿತ್ತು. "ಒಂದು ಕೇಳ್ತೇನೆ, ಹೇಳು. ಆ ಹೆಂಗಸಿನ ಮೇಲಿನ ಕನಿಕರಕ್ಕೆ ಬಿಡಿಸಿದ್ದಾ, ಜಯಮಾಲಾನ ಮುಖಕ್ಕೆ ಮಸಿ ಬಳೀಲಿಕ್ಕಾ?"

ಕ್ಲೊಟಿಲ್ಡಾ ಕುಂಚ ತೊಳೆಯಲು ಬಚ್ಚಲಿಗೆ ಹೋದಳು. ಯಾವ ಸಮಾರಂಭಕ್ಕೆ ಹೋದರೂ ಜಯಮಾಲಾ ಅವಳನ್ನು 'ನಮ್ಮ ಮ್ಯಾಕ್ಸಿಮ್‌ನ ಹೆಂಡತಿ' ಎಂದೇ ತೋರಿಸುತ್ತಿದ್ದರು. ಹೆಸರು ಹಿಡಿದು ಒಮ್ಮೆಯೂ ಹೇಳಿದವರಲ್ಲ. ಖೈರುನ್ನಿಸಾಳ ಕಣ್ಣು ತಿದ್ದುವಾಗ ಕ್ಲೊಟಿಲ್ಡಾಳ ಕೈಗೆ ಒಂದು ಹುರುಪು ಬಂದದ್ದು ನಿಜ. ಗಂಡ ಹೆಂಡತಿ ಆ ದಿನ ಬೇರೆಬೇರೆ ಹೊತ್ತಿಗೆ ಉಂಡರು.

ಮರುದಿನ ಕ್ಲೊಟಿಲ್ಡಾ ಖೈರುನ್ನಿಸಾಳಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿ, ತೆಗೆಯುವುದಿಲ್ಲ ಎಂದು ಜಯಕ್ಕನ ಮುಖಕ್ಕೇ ಅಂದುಬಿಟ್ಟೆ ಎಂದೂ ಹೇಳಿದಳು. ಖೈರುನ್ನಿಸಾ ಖುಷಿಪಡುತ್ತಾಳೆ ಎಂದುಕೊಂಡಿದ್ದಳು. "ನಾನು ಬರ್ತೇನೆ," ಎಂದಳು ಖೈರುನ್ನಿಸಾ, ಅಷ್ಟೇ ಹೇಳಿ ಫೋನ್ ಇಟ್ಟಳು.

ಬುಧವಾರ ಮಧ್ಯಾಹ್ನ ಬಂದವಳು ಬುರ್ಖಾದ ಮುಸುಕು ಸರಿಸಿ ಚಿತ್ರದ ಮುಂದೆ ನಿಂತಳು. "ಯಾರನ್ನು ಕೇಳಿ ಹಾಕಿದ್ದು ಟೀಚರ್?"

"ನೀನೇ ಬಂದು ಕೂತಿದ್ದಲ್ಲ ಖೈರು."

"ಕೈ ಪಳಗಲಿಕ್ಕೆ ಅಂತ ಹೇಳಿದ್ರಿ ನೀವು. ಕೂಟದ ಹಾಲ್‌ನಲ್ಲಿ ತೂಗುಹಾಕ್ತೇನೆ ಅಂತ ಹೇಳಿದ್ರಾ?"

"ಅವರು ನಿನಗೆ ಮಾಡಿದ್ದು ನಾಲ್ಕು ಜನಕ್ಕೆ ನೆನಪಾಗಲಿ ಅಂತ..."

"ನೆನಪಾಗಿ? ಓಡಿಹೋದವಳು ಅಂತ ನನ್ನ ಮೇಲೆ ಕೇಸ್ ಉಂಟು. ನಾನು ಎಲ್ಲಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ. ಈ ಮುಖ ನೋಡಿ ಒಬ್ಬ ಹೇಳಿದ್ರೆ ಸಾಕು, ಇವಳನ್ನು ಹಮದ್ ಟೌನಿನಲ್ಲಿ ಕಂಡೆ ಅಂತ. ಪೊಲೀಸ್ ನನ್ನನ್ನು ಕೊಂಡುಹೋಗುವಾಗ ಅದನ್ನೂ ಬಿಡಿಸ್ತೀರಾ?"

ಕ್ಲೊಟಿಲ್ಡಾ ಅಡುಗೆಮನೆಯ ಕಡೆ ತಿರುಗಿದಳು. "ಕೂತುಕೋ, ಚಾ ಮಾಡ್ತೇನೆ," ಎಂದಳು.

"ಚಾ ಬೇಡ. ನಿಮಗೂ ಅವರಿಗೂ ಜಗಳ ಇದ್ರೆ ನಿಮ್ಮ ಮುಖ ಇಟ್ಟು ಮಾಡಿ. ನನ್ನದು ಬೇಡ."

ಖೈರುನ್ನಿಸಾ ತಾನೇ ಕುರ್ಚಿ ಎಳೆದು ಕ್ಯಾನ್ವಾಸಿನೆದುರು ಕೂತಳು. ಅಳಿಸಿ ಮುಗಿಯುವ ತನಕ ಏಳುವ ಹಾಗೆ ಕಾಣಲಿಲ್ಲ. ಕ್ಲೊಟಿಲ್ಡಾ ಗೋಡೆಯ ಕಂದು ಬಣ್ಣ ಕಲಸಿ ಮೊದಲು ಬಾಯಿಯ ಮೇಲೆ, ಆಮೇಲೆ ಕಣ್ಣಿನ ಮೇಲೆ ಹಚ್ಚಿದಳು.

"ಬ್ಯಾಗೂ ತೆಗೀರಿ. ಅದು ಅವರ ಮನೆಯದ್ದೇ, ಅವರಿಗೆ ಗುರುತುಂಟು."

ಬ್ಯಾಗೂ ಹೋಯಿತು. ಜಯಮಾಲಾರ ಬೆನ್ನ ಹಿಂದೆ ಆಳುದ್ದದ ಬರೀ ಗೋಡೆ ಉಳಿಯಿತು.

"ಖಾಲಿ ಬಿಡ್ಬೇಡಿ ಟೀಚರ್. ಖಾಲಿ ಕಂಡ್ರೆ ಅಲ್ಲಿ ಯಾರಿದ್ರು ಅಂತ ಕೇಳ್ತಾರೆ."

"ಯಾರನ್ನು ಹಾಕ್ಲಿ?"

ಖೈರುನ್ನಿಸಾ ಸ್ವಲ್ಪ ಯೋಚಿಸಿದಳು. "ಇಂಗ್ಲಿಷಿನವನೊಬ್ಬನನ್ನು ಹಾಕಿ, ಕ್ಯಾಮೆರಾ ಹಿಡ್ಕೊಂಡವನನ್ನು. ಅವರನ್ನು ಯಾರೂ ಎಂತದೂ ಕೇಳುದಿಲ್ಲ."

ಕ್ಲೊಟಿಲ್ಡಾ ಬಿಳಿಗೆ ತುಸು ಗುಲಾಬಿ ಬೆರೆಸಿ, ಹ್ಯಾಟಿನ ಕೆಳಗೆ ಒಂದು ಕೆನ್ನೆ ಬಿಡಿಸಿದಳು. ಕೆಳಗಿನ ಬಣ್ಣ ಇನ್ನೂ ಹಸಿಯಾಗಿತ್ತು. ಎಷ್ಟು ಹಚ್ಚಿದರೂ ಕಂದು ಮೇಲೆ ಬಂದು ಬಂದು ಆ ಕೆನ್ನೆ ಬೆಳ್ಳಗಾಗಲೊಲ್ಲದು. ಖೈರುನ್ನಿಸಾ ಮಡಿಲಲ್ಲಿ ಕೈಯಿಟ್ಟುಕೊಂಡು ಕಾಯುತ್ತ ಕೂತಳು.