ಬಾವಲಿ ಹರಿದ ಹೂವು

ಎಲೆ ಒಣಗಿಸುವುದು ನನ್ನ ಕೆಲಸ. ಮಳೆಕಾಡಿನ ಅಂಚಿನಲ್ಲಿ ಮೇಷ್ಟ್ರು ಗಿಡಮರಗಳ ಅಧ್ಯಯನಕ್ಕೆಂದು ಒಂದು ಕೇಂದ್ರ ನಡೆಸುತ್ತಿದ್ದರು. ಅಲ್ಲಿನ ಉದ್ದನೆಯ ಕೋಣೆಗೆ ಎಲೆಮನೆ ಎನ್ನುತ್ತಿದ್ದೆವು. ಕಾಡಿನಿಂದ ಬಂದ ಕೊಂಬೆ, ಹೂವುಗಳನ್ನು ಹಳೆಯ ಪೇಪರಿನ ಮಡಿಕೆಯಲ್ಲಿಟ್ಟು, ಹಲಗೆಗಳ ನಡುವೆ ಬಿಗಿದು, ಇದ್ದಿಲ ಒಲೆಯ ಮೇಲಿಡುವುದು. ಪೇಪರು ತೇವ ಕುಡಿದಂತೆಲ್ಲ ಅದನ್ನು ತೆಗೆದು ಒಣಗಿದ್ದನ್ನು ಹಾಕುವುದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಷ್ಟು ಸಾಕಾಗಿತ್ತು.

ಮರ ಹತ್ತುವವನು ನನ್ನ ತಮ್ಮ. ನಾನು ಅವನನ್ನು ಕೋತಿ ಎನ್ನುತ್ತಿದ್ದೆ, ಅವನು ನನ್ನನ್ನು ಇಸ್ತ್ರಿಪೆಟ್ಟಿ ಎನ್ನುತ್ತಿದ್ದ. ಎಲೆಮನೆಯೊಳಗೆ ಅವನು ಕಾಲಿಟ್ಟವನಲ್ಲ. ಬಾಗಿಲಲ್ಲೇ ಚೀಲ ಇಳಿಸಿ, ಮೀನಖಂಡದ ಜಿಗಣೆ ಕೀಳುತ್ತಾ ಕೂರುತ್ತಿದ್ದ.

"ನಾನು ಜೀವ ಇರೋದನ್ನ ತರ್ತೀನಿ ಅಣ್ಣ, ನೀನು ಹೆಣ ಮಾಡಿ ಕಪಾಟಿಗೆ ಸೇರಿಸ್ತೀಯ."

"ನೀನು ಬಿದ್ದು ಸತ್ರೆ ನಿನ್ನನ್ನೂ ಒತ್ತಿ ಇಡ್ತೀನಿ ಬಿಡು."

"ಅಷ್ಟು ದೊಡ್ಡ ಪೇಪರ್ ಎಲ್ಲಿದೆ ನಿನ್ ಹತ್ರ?"

ಅದೊಂದು ಮಳೆಗಾಲ ಅವನು ಒಂದೇ ದಿನ ಎರಡು ಮರದ ಹೂ ತಂದ. ಒಂದು ಮೇಲುಗುಡ್ಡದ್ದು, ಇನ್ನೊಂದು ಹೊಳೆಯಾಚೆಯ ಗುಡ್ಡದ್ದು. ಎರಡೂ ಕೊಂಬೆಯಲ್ಲಿ ಬಿಡದೆ ಕಾಂಡಕ್ಕೇ ಅಂಟಿಕೊಂಡು ಬಿಡುವ ಹೂಗಳು. ಮೇಷ್ಟ್ರಿಗೆ ಮಂಡಿನೋವು, ಗುಡ್ಡ ಹತ್ತುತ್ತಿರಲಿಲ್ಲ. ನನ್ನ ತಮ್ಮನೇ ಪೇಪರಿನ ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರು ಹಾಕಿ ತರುತ್ತಿದ್ದ. ಯಾವ ನಂಬರು ಯಾವ ಗುಡ್ಡದ್ದು ಎಂದು ಅವನು ಹೇಳಿದ್ದನ್ನು ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಾರನೆಯ ಬೆಳಗ್ಗೆ ಅವನು ಮತ್ತೆ ಕಾಡಿಗೆ ಹೋದ, ಹತ್ತು ದಿನಕ್ಕೆ.

ಎಲೆಮನೆಯಲ್ಲಿ ಒಂದೇ ಒಂದು ಕಟ್ಟಳೆ: ಒಂದು ಸಲಕ್ಕೆ ಒಂದೇ ಗಿಡ. ಹೊಸ ಪೇಪರಿಗೆ ನಂಬರು ಇಳಿಸಿದ ಮೇಲೆಯೇ ಹಳೆಯದನ್ನು ತೆಗೆಯಬೇಕು. ಇಪ್ಪತ್ತು ವರ್ಷ ಹಾಗೇ ಮಾಡಿದ್ದೆ. ಆವತ್ತು ಏಳನೇ ದಿನದ ಮಳೆ, ಎಲ್ಲ ಕಟ್ಟುಗಳಿಗೂ ಬೂಷ್ಟು ಹತ್ತುತ್ತಿತ್ತು. ಆತುರಕ್ಕೆ ಎರಡು ಮಡಿಕೆಗಳನ್ನೂ ಒಟ್ಟಿಗೆ ಬಿಚ್ಚಿ, ಹೂಗಳನ್ನು ಮೇಜಿನ ಮೇಲಿಟ್ಟು, ಒದ್ದೆ ಪೇಪರುಗಳನ್ನು ಒಲೆಯ ಮೇಲಿನ ತಂತಿಗೆ ಹಾಕಿ ತಿರುಗಿದೆ. ನಂಬರುಗಳೇನೋ ತಂತಿಯ ಮೇಲೆ ಸ್ಪಷ್ಟವಾಗಿದ್ದವು. ಯಾವ ಹೂವು ಯಾವ ಪೇಪರಿನದು ಎಂಬುದು ತಿಳಿಯಲಿಲ್ಲ. ಎರಡೂ ಕಪ್ಪಾಗಿ ಮುದುಡಿ ಅವಳಿಗಳಂತಿದ್ದವು.

ಎತ್ತಿಟ್ಟು ತಮ್ಮ ಬಂದ ಮೇಲೆ ಕೇಳಬಹುದಿತ್ತು. ಕೇಳಿದರೆ ಅವನು ಊರಿಗೆಲ್ಲ ಸಾರಿ ನಗುತ್ತಿದ್ದ. ಅಂದಾಜಿಗೆ ನಂಬರು ಹಾಕಿದೆ.

ಅವನು ಬರುವಷ್ಟರಲ್ಲಿ ಮೇಷ್ಟ್ರು ಮಸೂರ ಹಿಡಿದು ನೋಡಿ, ಒಂದು ಹೂವು ಈವರೆಗೆ ಯಾರೂ ಬರೆದಿಡದ ಮರದ್ದೆಂದು ಸರ್ಕಾರಕ್ಕೆ ಕಾಗದ ಹಾಕಿದ್ದರು. ಆಗ ಎರಡೂ ಗುಡ್ಡಗಳ ಮೇಲೆ ಮರದ ಕಂಟ್ರಾಕ್ಟರನ ಕಣ್ಣಿತ್ತು. ನನ್ನ ನಂಬರಿನ ಪ್ರಕಾರ ಹೊಸ ಮರ ಹೊಳೆಯಾಚೆಯದು. ಆ ಗುಡ್ಡವನ್ನು ಮುಟ್ಟಬಾರದೆಂದು ಆದೇಶ ಬಂತು. ಮೇಲುಗುಡ್ಡವನ್ನು ಬೋಳಿಸಲು ಎರಡು ಬೇಸಿಗೆ ಸಾಕಾಯಿತು. ಆ ಎರಡು ಬೇಸಿಗೆಯೂ ಗರಗಸದ ಸದ್ದು ಎಲೆಮನೆಯೊಳಗೆ ಕೇಳುತ್ತಿತ್ತು. ಸರಿಯಾಗಿಯೇ ಹಾಕಿರಬಹುದು ಎಂದುಕೊಂಡು ಪೇಪರು ಬದಲಾಯಿಸುತ್ತಿದ್ದೆ.

ಆಮೇಲೆ ಮೇಷ್ಟ್ರಿಗೆ ಆ ಹೊಸ ಮರದ ಕಾಯಿ ಬೇಕಾಯಿತು. ಯಾವ ಮರವೆಂದು ನೋಡಲು ತಮ್ಮ ಮೊದಲ ಸಲ ಎಲೆಮನೆಯೊಳಗೆ ಬಂದ. ರಟ್ಟಿಗೆ ಅಂಟಿಸಿದ ಹೂವನ್ನು ಅವನ ಮುಂದಿಟ್ಟೆ. ಅವನು ಬಹಳ ಹೊತ್ತು ಬಗ್ಗಿ ನೋಡಿದ.

"ಈ ದಳ ಹರಿದಿದೆ ನೋಡು. ಬಾವಲಿ ಉಗುರು ತಾಗಿದ್ದು. ಮುಸ್ಸಂಜೇಲಿ ಜೇನು ಕುಡಿಯೋಕೆ ಬಂದಿತ್ತು. ನಾನು ಅಲ್ಲೇ ಹಗ್ಗದಲ್ಲಿ ನೇತಾಡ್ತಿದ್ದೆ, ರೆಕ್ಕೆ ಗಾಳಿ ಕೆನ್ನೆಗೆ ಬಡೀತು." ರಟ್ಟಿನಿಂದ ತಲೆಯೆತ್ತಿ ಹೇಳಿದ: "ಇದು ಮೇಲುಗುಡ್ಡದ್ದು ಅಣ್ಣ."

ಅವನು ಒಲೆಯ ಮೇಲಿನ ತಂತಿ ನೋಡಿದ, ನನ್ನ ಕೈ ನೋಡಿದ. ಅಷ್ಟರಲ್ಲಿ ಮೇಷ್ಟ್ರು ಕೋಲೂರಿಕೊಂಡು ಬಾಗಿಲಿಗೆ ಬಂದರು.

"ಗುರುತು ಸಿಕ್ತೇನಯ್ಯಾ?"

"ಸಿಕ್ತು ಸಾರ್. ಹೊಳೆಯಾಚೆ ಹುಡುಕ್ತೀನಿ."

ಹನ್ನೊಂದು ವರ್ಷವಾಯಿತು. ಪ್ರತಿ ಮಳೆಗಾಲ ಅವನು ಹೊಳೆ ದಾಟಿ, ಇಲ್ಲವೆಂದು ಗೊತ್ತಿರುವ ಮರವನ್ನು ಹುಡುಕುತ್ತಾನೆ. ಚಗಳಿ ಇರುವೆ ಕಚ್ಚಿ ಕುತ್ತಿಗೆ ಊದಿಸಿಕೊಂಡು ಬರುತ್ತಾನೆ. ಹೋದ ವರ್ಷ ಬಿದ್ದು ಭುಜ ಮುರಿದುಕೊಂಡ. ಮೇಲುಗುಡ್ಡದ ಬಾವಲಿಗಳು ಎರಡು ವರ್ಷ ಕೇಂದ್ರದ ಮಾಡಿನ ಸುತ್ತ ಸುತ್ತಿ, ಆಮೇಲೆ ಕಾಣಲಿಲ್ಲ. ಇಸ್ತ್ರಿಪೆಟ್ಟಿ ಎಂದು ಅವನು ನನ್ನನ್ನು ಕರೆಯುವುದೂ ನಿಂತಿದೆ. ಈಗ ಬರೀ ಅಣ್ಣ.

ಮೊನ್ನೆ ಅವನು ಒಂದೇ ಕೈಯಲ್ಲಿ ಹಗ್ಗ ಸುತ್ತುತ್ತಿದ್ದ. ತಡೆಯಲಾಗದೆ ಕೇಳಿದೆ:

"ಸಾಕು ಮಾಡೋ. ಯಾಕೆ ಹತ್ತುತೀಯ?"

"ನಾನು ಹತ್ತೋದು ಬಿಟ್ರೆ ಯಾಕೆ ಬಿಟ್ಟೆ ಅಂತ ಮೇಷ್ಟ್ರು ಕೇಳ್ತಾರೆ. ಆಗ ನೀನು ಹೇಳ್ಬೇಕಾಗುತ್ತೆ. ಹೇಳ್ತೀಯಾ?"

ಕಟ್ಟಿನ ಪೇಪರು ಒದ್ದೆಯಾಗಿತ್ತು. ಹೊಸ ಪೇಪರಿಗೆ ಮೊದಲು ನಂಬರು ಇಳಿಸಿದೆ, ಆಮೇಲೆ ಹಳೆಯದನ್ನು ತೆಗೆದೆ. ತಲೆಯೆತ್ತುವಷ್ಟರಲ್ಲಿ ಅವನು ಹಗ್ಗ ಹೆಗಲಿಗೇರಿಸಿಕೊಂಡು ಹೊಳೆಯ ಕಡೆ ಇಳಿಯುತ್ತಿದ್ದ.