ಸ್ಮಾರ್ಟ್ ಮೀಟರೂ ಬಚ್ಚಲ ಮೋರಿಯೂ

"ಮೋರಿಗೆ ಕೈ ಹಾಕೋಕೆ ಮೂಗು ಮುಚ್ಕೋತಾನೆ ನೋಡು! ನಿಮ್ಮಪ್ಪ ಮುಚ್ಕೋತಿದ್ನೇನೋ?"

ಬಚ್ಚಲ ಬಾಗಿಲಲ್ಲಿ ನಿಂತಿದ್ದ ಚಂದ್ರಮೋಹನರು ಕೇಂದ್ರ ಸರ್ಕಾರದ ನಿವೃತ್ತ ಅಧಿಕಾರಿ. ದಿಲ್ಲಿಯ ದ್ವಾರಕಾ ಬಡಾವಣೆಯ ಕನ್ನಡಿಗರ ಹಬ್ಬಗಳಿಗೆಲ್ಲ ಅವರದೇ ಅಧ್ಯಕ್ಷತೆ. ಮೊಣಕೈವರೆಗೆ ಮೋರಿಯೊಳಗಿದ್ದ ಕೆಂಪಣ್ಣ ಬಂದದ್ದು ಮಾತ್ರ ಹಳೆ ಕರೆಂಟು ಮೀಟರು ಕಿತ್ತು ಸ್ಮಾರ್ಟ್ ಮೀಟರು ಕೂರಿಸಲು.

ತಪ್ಪು ಅವನದೇ. ಬೆಲ್ ಒತ್ತಿದಾಗ ಒಳಗಿಂದ ಕನ್ನಡ ಕೇಳಿಸಿತು. ಮೂರು ವರ್ಷ ದಿಲ್ಲಿ ಅವನನ್ನು 'ಮದ್ರಾಸಿ' ಎಂದು ಕರೆದಿತ್ತು. ಆ ಬೈಗುಳದಲ್ಲಿ ಎಷ್ಟು ನೆಮ್ಮದಿಯಿತ್ತೆಂದು ಅವನಿಗೆ ತಿಳಿದಿರಲಿಲ್ಲ.

"ನಾನೂ ಕನ್ನಡದೋನೆಯಾ ಸಾ! ಮಳವಳ್ಳಿ ಕಡೆ."

"ಅಚ್ಛಾ! ನಮ್ಮೋನು! ಊರಲ್ಲಿ ಮನೆ ಎಲ್ಲಿ ಬರತ್ತಪ್ಪ?"

"ಊರಾಚೆ ಸಾ, ಕೆರೆ ಏರಿ ಕೆಳ್ಗೆ."

ಎರಡು ಸಾವಿರ ಕಿಲೋಮೀಟರು ರೈಲಿನಲ್ಲಿ ಬಂದವನು ಒಂದೇ ಪ್ರಶ್ನೆಗೆ ಕೇರಿ ಸೇರಿದ.

ಮೀಟರು ಕೂತಿತು. ಅದಕ್ಕೆ ಜೀವ ಬರಬೇಕಾದರೆ ಮನೆಯವರ ಮೊಬೈಲಿಗೆ ಬರುವ ಓಟಿಪಿಯನ್ನು ಕೆಂಪಣ್ಣ ತನ್ನ ಫೋನಿನಲ್ಲಿ ಒತ್ತಬೇಕು. ಅಲ್ಲಿಯವರೆಗೆ ಅವರಿಗೆ ಕರೆಂಟಿಲ್ಲ, ಇವನ ಕೆಲಸ ಕೆಲಸವಲ್ಲ.

"ಓಟಿಪಿ ಕೊಡೋಣಂತೆ. ಚಲೋ, ಮೊದಲು ಬಚ್ಚಲು ಕಟ್ಕೊಂಡಿದೆ, ನೋಡು. ನಿಮಗೆ ಬರೋ ಕೆಲಸಾನೇ ತಾನೆ?"

"ಆಯ್ತು ಬುದ್ದಿ."

ಬುದ್ದಿ! ಅಪ್ಪನ ಬಾಯಿಯ ಮಾತು. ಐಟಿಐ ಓದಿದವನು ಒಮ್ಮೆಯೂ ಆಡಿರಲಿಲ್ಲ; ನಾಲಗೆಯಡಿ ಕಾದು ಕೂತಿತ್ತು. ಈಗ ಮೋರಿಯ ನಾತಕ್ಕಿಂತ ಅದೇ ಮೂಗಿಗೆ ಹೊಡೆಯುತ್ತಿತ್ತು.

ನೀರು ಹರಿಯಿತು. ಕೈ ತೊಳೆಯಲು ಬೇಸಿನ್ನಿನ ಕಡೆ ತಿರುಗಿದರೆ ಯಜಮಾನರ ಹೆಂಡತಿ ರತ್ನಪ್ರಭಾ ಅಡ್ಡ ಬಂದರು.

"ಅಯ್ಯೋ, ಅಲ್ಲಿ ಬೇಡಪ್ಪ! ಕೆಳಗೆ ಹೋಗಿ ತೊಳ್ಕೋ."

"ಏಳು, ಒಂದು, ಒಂಬತ್ತು, ನಾಲ್ಕು," ಎಂದರು ಚಂದ್ರಮೋಹನರು, ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುತ್ತ. "ಬೇಗ ಹಾಕಯ್ಯ, ಎಸಿ ಇಲ್ದೆ ಸಾಯ್ತಿದೀವಿ."

ಕೆಂಪಣ್ಣ ಕೊಳೆ ಬೆರಳಲ್ಲಿ ನಾಲ್ಕು ಸೊನ್ನೆ ಒತ್ತಿದ. ತಪ್ಪು ಎಂದಿತು ಫೋನು. ಮತ್ತೆ ನಾಲ್ಕು ಸೊನ್ನೆ. ಮತ್ತೆ. ಮೂರು ತಪ್ಪಾದರೆ ಮೀಟರಿಗೆ ಒಂದು ದಿನ ಬೀಗ. ಕೂರಿಸಿದವನಿಗೆ ಕೆಲಸದಿಂದಲೇ ಬೀಗ.

"ಏನ್ ಮಾಡ್ದೆಯೋ ಬೋಳಿಮಗನೆ?"

"ಬೀಗ ಬಿತ್ತು. ನಾಳೀಕೆ ಇನ್ನೊಬ್ಬ ಬತ್ತಾನೆ. ಅವ್ನ ಕುಲ ಇಚಾರಿಸ್ಕಂಡೇ ಒಳೀಕ್ ಬುಟ್ಕಳಿ."

ಹನ್ನೊಂದು ಮಹಡಿ ಇಳಿದು ಬಂದಾಗ ಜೊತೆಗಾರ ಕಿಶನ್ ಗೇಟಿನ ನೆರಳಲ್ಲಿ ರೊಟ್ಟಿ ಬಿಚ್ಚಿ ಕೂತಿದ್ದ. ಪಕ್ಕದ ಜಾಗ ತಟ್ಟಿ ಕರೆದ. "ಆಜಾ ಭಾಯ್, ಖಾ ಲೇ. ಅರೆ, ಹಾಥ್ ಮೇ ಕ್ಯಾ ಲಗಾ ಹೈ?" ಕೈಗೆ ಅಂಟಿದ್ದೇನೆಂದು ಕತ್ತು ಚಾಚಿ ನೋಡಿದ.

"ಗ್ರೀಸ್," ಎಂದ ಕೆಂಪಣ್ಣ, ಎರಡು ಹೆಜ್ಜೆ ದೂರದಲ್ಲೇ ನಿಂತು.