ಬಾಡದ ಹಾರ

ಶಶಿಧರ ಚಿತ್ರದ ಮೇಲಿನ ಬಟ್ಟೆ ಎಳೆದಾಗ ಎರಡೇ ಎರಡು ಚಪ್ಪಾಳೆ ಕೇಳಿಸಿ ನಿಂತುಹೋಯಿತು. ವುಡ್‌ಬ್ರಿಡ್ಜಿನ ಅವನ ಮನೆಯ ಹಾಲಿನಲ್ಲಿ ಮೂವತ್ತು ಜನ ಕೇಕಿನ ಸುತ್ತ ನಿಂತಿದ್ದರು. ಚಿತ್ರ ನಿಲ್ಲಿಸುವ ಈಸೆಲ್ ಮೇಲೆ ಅವನ ಅಪ್ಪ ಶಿವಶಂಕರಪ್ಪನವರ ದೊಡ್ಡ ತೈಲಚಿತ್ರ. ಹಣೆಯಲ್ಲಿ ವಿಭೂತಿ, ತಲೆಯ ಮೇಲೆ ಬಿಳಿ ಟೋಪಿ, ಹೆಡ್‌ಮಾಸ್ಟರರ ಗತ್ತು, ಎಲ್ಲ ಸರಿಯಾಗಿತ್ತು. ಆದರೆ ಚಿತ್ರದ ಎರಡು ಮೂಲೆಗಳಿಂದ ಇಳಿದು, ಬಣ್ಣದಲ್ಲೇ ಬರೆದ ಗಂಧದ ಹಾರವೊಂದು ಮುಖವನ್ನು ಸುತ್ತುವರಿದಿತ್ತು. ಹಾರದ ಕೆಳಗೆ ಬಣ್ಣದ್ದೇ ಹಣತೆ ಉರಿಯುತ್ತಿತ್ತು. ಅದರ ಎದುರಿಗೇ, ತಮ್ಮ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಹೊಸ ಅಂಗಿ ತೊಟ್ಟು, ಶಿವಶಂಕರಪ್ಪನವರು ಕುರ್ಚಿಯಲ್ಲಿ ಕೂತಿದ್ದರು.

ಚಿತ್ರ ಬರೆದ ಚಿತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸರ್ಪ್ರೈಸ್ ಹಾಳಾಗಬಾರದೆಂದು ಶಶಿಧರನ ಹೆಂಡತಿ ಕಲಾ ಅವಳನ್ನು ಗರಾಜಿನಿಂದ ಒಳಗೆ ಕರೆದುಕೊಂಡು, ಈಸೆಲ್ ನಿಲ್ಲಿಸಿದ್ದೇ ತಡ ಅಡುಗೆಮನೆಗೆ ಕಳಿಸಿಬಿಟ್ಟಿದ್ದಳು. ಬಟ್ಟೆ ಜಾರುವ ಗಳಿಗೆಯಲ್ಲಿ ಚಿತ್ರಾ ಕುರ್ಚಿಯಲ್ಲಿದ್ದ ಮುಖ ನೋಡಿದಳು. ನಾಲ್ಕು ತಿಂಗಳು ಬರೆದ ಮುಖ ಅದು. ಬದುಕಿತ್ತು.

ಹಿಕ್ಸ್‌ವಿಲ್ಲಿನ ಚಿತ್ರಾಳಿಗೆ ಈ ಕಡೆಯ ಕನ್ನಡಿಗರ ನಡುವೆ ಹೆಸರು ಬಂದದ್ದೇ ಆ ಹಾರದಿಂದ. ತೀರಿಕೊಂಡ ಹಿರಿಯರ ಫೋಟೋಗೆ ಹಾಕುವ ಗಂಧದ ಹಾರ ಧೂಳು ಹಿಡಿಯುತ್ತದೆ, ಹೂವಿನದು ಬಾಡುತ್ತದೆ. ಇವಳು ಹಾರವನ್ನೂ ದೀಪವನ್ನೂ ಚಿತ್ರದಲ್ಲೇ ಬರೆದು ಕೊಡುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರನ್ನು ಫೋನಿನಲ್ಲಿ ನಿಮ್ಮ ಯಜಮಾನರು ಯಾವಾಗ ಹೋದರು ಎಂದು ಕೇಳಿದ್ದಕ್ಕೆ, ಆ ಹೆಂಗಸು ಒಂದು ಗಂಟೆ ಅತ್ತು, ಆರ್ಡರನ್ನೇ ಬಿಟ್ಟುಬಿಟ್ಟಿದ್ದರು. ಅಂದಿನಿಂದ ಸಾವಿನ ಮಾತನ್ನು ಬಾಯಲ್ಲಿ ಆಡುವುದಿಲ್ಲ ಎಂದು ಗೆರೆ ಎಳೆದುಕೊಂಡಳು. ಪೆನ್ಸಿಲ್ ಸ್ಕೆಚ್ ಕಳಿಸುವಾಗ ಈಮೇಲಿನಲ್ಲಿ ಮೂರು ಪ್ರಶ್ನೆ, ಅಷ್ಟೆ. ಶಶಿಧರ ಹಳೆಯ ಫೋಟೋ ಕಳಿಸಿ, ಫ್ಯಾಮಿಲಿ ಫಂಕ್ಷನ್ ಇದೆ, ನೆಂಟರೆಲ್ಲ ಸೇರುತ್ತಾರೆ ಎಂದಿದ್ದ. ಅವಳು ಅದನ್ನು ವರ್ಷದ ಪುಣ್ಯಸ್ಮರಣೆ ಎಂದುಕೊಂಡಳು.

ಮೊದಲು ಬಾಯಿ ಬಿಟ್ಟವರು ಮುರುಗೆಪ್ಪನವರು. ಅವರು ಕನ್ನಡ ಸಂಘದ ಅಧ್ಯಕ್ಷರು. ಸಂಘದ ಹೊಸ ಭವನಕ್ಕೆ ಹನ್ನೆರಡು ಚಿತ್ರಗಳನ್ನು ಯಾರಿಂದ ಬರೆಸಬೇಕೆಂಬುದು ಅವರ ಕೈಯಲ್ಲಿತ್ತು, ಚಿತ್ರಾ ಎರಡು ವರ್ಷದಿಂದ ಅದನ್ನೇ ಕಾಯುತ್ತಿದ್ದಳು. ಬದುಕಿರುವವರಿಗೆ ಹಾರ ಹಾಕಿದ್ದಾರಲ್ಲ, ಇದೆಂಥ ಅಪಶಕುನ ಎಂದು ಅವರು ಪಕ್ಕದವರಿಗೆ ಹೇಳಿದ್ದು ಇಡೀ ಹಾಲಿಗೆ ಕೇಳಿಸಿತು. ಇಬ್ಬರು ಆಗಲೇ ಫೋನ್ ಎತ್ತಿ ಫೋಟೋ ತೆಗೆದರು. ಇವತ್ತು ಸಂಜೆಯೊಳಗೆ ಅದು ಎಷ್ಟು ವಾಟ್ಸಾಪ್ ಗುಂಪು ಸುತ್ತುತ್ತದೆಂದು ಚಿತ್ರಾಳಿಗೆ ಗೊತ್ತಿತ್ತು. ಅಲ್ಲಿಗೆ ಹನ್ನೆರಡು ಚಿತ್ರವೂ ಹೋಯಿತು, ಹೆಸರೂ ಹೋಯಿತು.

ಶಶಿಧರನ ಕಿವಿ ಕೆಂಪಾಗಿತ್ತು. ಅವನು ಅಪ್ಪನ ಕಡೆ ನೋಡಲಿಲ್ಲ. "ಬರ್ತ್‌ಡೇಗೆ ಅಂತ ಕ್ಲಿಯರ್ ಆಗಿ ಹೇಳಿದ್ದೆ ನಿಮಗೆ," ಎಂದ ಚಿತ್ರಾಳಿಗೆ. "ಇಷ್ಟು ಕಾಮನ್ ಸೆನ್ಸ್ ಬೇಡ್ವಾ?"

ಅವನು ಹೇಳಿರಲಿಲ್ಲ. ಆದರೆ ಆ ಹೊತ್ತಿಗೆ ಅವಳು ತಪ್ಪಾಯಿತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಜನ ನಾಲ್ಕು ದಿನ ಆಡಿಕೊಂಡು, ಹಾರ ಅಳಿಸಿದ ಮೇಲೆ ಮರೆಯುತ್ತಿದ್ದರೋ ಏನೋ. ಜ್ಯಾಕ್ಸನ್ ಹೈಟ್ಸಿನ ಲೈಬ್ರರಿಯಲ್ಲಿ ಆರ್ಡರ್ ಹಿಡಿದು ಬರೆಯುವ ಹೊಸ ಕಲಾವಿದರಿಗೆ ಅವಳೇ ಪಾಠ ಹೇಳುತ್ತಿದ್ದಳು. ಗಿರಾಕಿಯನ್ನು ಅವನ ನೆಂಟರ ಮುಂದೆ ತಪ್ಪಿತಸ್ಥನನ್ನಾಗಿ ಮಾಡಬೇಡಿ, ಅದು ಮೊದಲನೆಯದು. ಎಲ್ಲವನ್ನೂ ಬರಹದಲ್ಲಿ ಇಟ್ಟುಕೊಳ್ಳಿ, ಅದು ಎರಡನೆಯದು. ಕುತ್ತಿಗೆಗೆ ಬಂದಾಗ ಮೊದಲನೆಯದು ಯಾರಿಗೆ ನೆನಪಿರುತ್ತದೆ. ಅವಳು ಫೋನ್ ತೆಗೆದಳು.

"ನೀವು ಒಪ್ಪಿಗೆ ಕೊಟ್ಟಿದ್ದೀರಿ ಸರ್," ಎಂದಳು. "ಈಮೇಲ್ ಇದೆ."

"ಈಗ ಅದೆಲ್ಲ ಬೇಡ," ಎಂದ ಶಶಿಧರ.

"ಓದವ್ವಾ." ಅದು ಕುರ್ಚಿಯಿಂದ ಬಂದ ದನಿ. "ಏನು ಬರದಾನ, ಓದು."

ಶಿವಶಂಕರಪ್ಪನವರು ಹಾವೇರಿಯ ಕಡೆಯವರು. ಹೆಂಡತಿ ಹೋದ ಮೇಲೆ ಮಾರ್ಚಿನಲ್ಲಿ ದೇಶ ಬಿಟ್ಟು ಇಲ್ಲಿಗೆ, ಮಗನ ಮನೆಗೆ ಬಂದಿದ್ದರು. ಮೂವತ್ತೈದು ವರ್ಷ ಮಕ್ಕಳನ್ನು ಎದ್ದು ನಿಲ್ಲಿಸಿ ಓದಿಸಿದ ದನಿ ಅದು, ಚಿತ್ರಾ ಓದಿಯೇಬಿಟ್ಟಳು. ತಾನು ಕೇಳಿದ ಮೂರು ಪ್ರಶ್ನೆಗಳನ್ನು ಓದಿದಳು: ವಿಭೂತಿ ಮೂರು ಪಟ್ಟೆ ಇರಲೇ, ಹಿರಿಯರಿಗೆ ಹಾಕುವ ಹಾಗೆ ಹಾರ, ದೀಪ ಬರೆಯಲೇ, ಕೆಳಗೆ ಜನನದ ಮತ್ತು ಲಿಂಗೈಕ್ಯರಾದ ತಾರೀಖು ಬರೆಯಲೇ. ಆಮೇಲೆ ಅವನ ಉತ್ತರ.

"'ಮೂರಕ್ಕೂ ಯೆಸ್. ಗೋ ಅಹೆಡ್. ತಾರೀಖು ಆಮೇಲೆ ಕಳಿಸ್ತೀನಿ.'"

ಕಲಾ ಕೇಕಿನ ಚಾಕುವನ್ನು ಸದ್ದಾಗದಂತೆ ಕೆಳಗಿಟ್ಟಳು.

"ಯಾವತ್ತು ಬರದಿದ್ದು?" ಎಂದು ಕೇಳಿದರು ಹಿರಿಯರು.

"ಏಪ್ರಿಲ್ ಒಂಬತ್ತು. ಬೆಳಿಗ್ಗೆ ಏಳು ನಲವತ್ತೆಂಟು."

ಟ್ರೇನಿನಲ್ಲಿ ನಿಂತುಕೊಂಡು ಫೋನಿನಲ್ಲಿ ನೋಡಿದ್ದು, ಮೊದಲನೇ ಸಾಲು ಮಾತ್ರ ಓದಿದ್ದು, ಮೀಟಿಂಗಿಗೆ ತಡವಾಗಿತ್ತು ಎಂದೆಲ್ಲ ಶಶಿಧರ ಹೇಳತೊಡಗಿದ. ಅದು ನಿಜವೇ ಆಗಿತ್ತು. ಯಾರಿಗೂ ಬೇಡವಾದ ನಿಜ. ಅವನು ಅಪ್ಪಾಜಿ ಎನ್ನುತ್ತ ಬಗ್ಗಿ ಅವರ ಕೈ ಹಿಡಿಯಲು ಹೋದ. ಅವರು ಆ ಕೈಯನ್ನು ಮೆತ್ತಗೆ ತೆಗೆದು, ಇಡುವ ಜಾಗ ಹುಡುಕುವವರ ಹಾಗೆ ಒಮ್ಮೆ ನೋಡಿ, ಅವನ ಮೊಣಕಾಲಿನ ಮೇಲೇ ಇಟ್ಟರು.

"ಏಳು ನಲವತ್ತೆಂಟಕ್ಕ," ಎಂದರು. "ಅವತ್ತು ಮುಂಜಾನಿ ಇಂವನ ಊಟದ ಡಬ್ಬಿ ನಾನ ಕಟ್ಟಿ ಕೊಟ್ಟಿದ್ದೆ."

ಚಿತ್ರಾಳಿಗೆ ಆಗ ನಾಚಿಕೆಯಾಯಿತು. ಫೋನನ್ನು ಚೀಲಕ್ಕೆ ಹಾಕಿ, ಒಂದು ವಾರ ಕೊಡಿ ಸರ್, ಹಾರ, ದೀಪ ಎಲ್ಲ ತೆಗೆದು ಕೊಡುತ್ತೇನೆ ಎಂದಳು. ಒಪ್ಪಿಗೆಯಾದ ಮೇಲೆ ಬದಲಾವಣೆ ಇಲ್ಲ ಎಂಬುದು ಅವಳ ಕರಾರು ಕಾಗದದಲ್ಲೇ ಇತ್ತು. ಈ ಒಂದು ಸಲಕ್ಕೆ ಅದನ್ನು ಮುರಿಯಲು ತಯಾರಾದಳು.

ಶಿವಶಂಕರಪ್ಪನವರು ಎದ್ದು ಚಿತ್ರದ ಹತ್ತಿರ ಬಂದರು. ಕನ್ನಡಕ ಏರಿಸಿ ಹಾರದ ಒಂದೊಂದು ಎಸಳನ್ನೂ ನೋಡಿದರು. ಕೆಳಗಿನ ಚಿನ್ನದ ಬಣ್ಣದ ಪಟ್ಟಿ ಖಾಲಿ ಇತ್ತು, ಶಶಿಧರ ತಾರೀಖು ಕಳಿಸಿರಲೇ ಇಲ್ಲ.

"ತಾರೀಖಿಗೆ ಜಾಗಾ ಐತೇನು?"

"ಹೂಂ ಸರ್."

"ಮತ್ಯಾಕ ತಗೀತಿ, ಇರ್ಲಿ ಬಿಡು. ಇವತ್ತ ತಗದು ನಾಳೆ ಮತ್ತ ಹಾಕೋದು, ಎರಡೆರಡು ಕೆಲಸ." ಮಗನ ಕಡೆ ತಿರುಗದೆ, ಅವರು ಮೆಟ್ಟಿಲ ಕಂಬಿ ಹಿಡಿದರು. "ಕೇಕು ಎಲ್ಲಾರಿಗೂ ಕೊಡು ಕಲಾ. ನಾ ಒಂದೀಟು ಅಡ್ಡಾಗತೀನಿ."

ಮೇಲೆ ಕೋಣೆಯ ಬಾಗಿಲು ಹಾಕಿದ ಸದ್ದಾಯಿತು. ಯಾರಾದರೂ ಮೇಲೆ ಹೋಗಬೇಕಿತ್ತು. ಶಶಿಧರ ಮೆಟ್ಟಿಲ ಬುಡದವರೆಗೆ ಹೋಗಿ ನಿಂತ. ಕಲಾ ಅಳುತ್ತಲೇ ಕೇಕು ಕತ್ತರಿಸಿದಳು, ಜನ ಬೇಡವೆನ್ನಲಾರದೆ ತಟ್ಟೆ ಹಿಡಿದುಕೊಂಡರು. ಮುರುಗೆಪ್ಪನವರು ಚಿತ್ರಾಳ ಪಕ್ಕಕ್ಕೆ ಬಂದರು. ಎಲ್ಲ ಬರಹದಲ್ಲಿ ಇಟ್ಟಿದ್ದೀರಿ, ನಮ್ಮ ಭವನದ ಕೆಲಸಕ್ಕೆ ಇಂಥವರೇ ಬೇಕು, ಸೋಮವಾರ ಫೋನ್ ಮಾಡಿ ಎಂದು ಮೆಲ್ಲಗೆ ಹೇಳಿದರು. ಅವಳು ಥ್ಯಾಂಕ್ಸ್ ಅಂದಳು. ಅಂದದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟಳು, ಸೋಮವಾರ ಫೋನ್ ಮಾಡುತ್ತೇನೆಂಬುದೂ ಅವಳಿಗೆ ಗೊತ್ತಿತ್ತು.

ಈಸೆಲ್ ಅವಳದು. ನಾಳೆ ಇನ್ನೊಂದು ಮನೆಗೆ ಅದು ಬೇಕಿತ್ತು. ಚಿತ್ರವನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದು ಅವಳು ಜಾಗ ಹುಡುಕಿದಳು. ಸೋಫಾದ ತುಂಬ ಜನ, ಮೇಜಿನ ತುಂಬ ತಟ್ಟೆಗಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಗೋಡೆಗೆ ಒರಗಿಸಿದರೆ ಯಾರ ಕಾಲಾದರೂ ತಾಗೀತು. ಇಡೀ ಹಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. ತಟ್ಟೆ ಹಿಡಿದವರು ಸರಿದು ದಾರಿ ಬಿಟ್ಟರು. ಅವಳು ಚಿತ್ರವನ್ನು ಅದರ ಮೇಲೆ ಕೂರಿಸಿ, ಜಾರದಂತೆ ಕೆಳಗೆ ಒಂದು ದಿಂಬು ಕೊಟ್ಟಳು.